ಬನ್ನೈ ಬ್ರಖೇನ್ಯೋಗ್: ವೇಲ್ಸಿನ ಒಂದು ಬೆಟ್ಟನಾಡು

ರಾಷ್ಟ್ರೀಯ ಉದ್ಯಾನವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ನಾಡಿನ ಶ್ರೋತೃಗಳಿಗೆ ಬಂಡೀಪುರವೋ ನಾಗರಹೊಳೆಯೋ ನೆನಪಾಗುವುದು ಸಹಜ. ಆನೆಯ ಹಿಂಡು, ಹುಲಿಯ ಹೆಜ್ಜೆ, ಅರಣ್ಯ ಇಲಾಖೆಯ ಅಪ್ಪಣೆ, ಹೊತ್ತು ಮುಳುಗಿದೊಡನೆ ಮುಚ್ಚುವ ಅಡ್ಡಗಂಬ, ಇವೆಲ್ಲ ಆ ಮಾತಿನ ಸುತ್ತ ನಮ್ಮಲ್ಲಿ ಬೆಳೆದಿರುವ ಭಾವನೆಗಳು. ಕಾಡೆಂದರೆ ಮನುಷ್ಯನು ಇರತಕ್ಕ ಸ್ಥಳವಲ್ಲ, ನೋಡಿಕೊಂಡು ಹಿಂದಿರುಗತಕ್ಕ ಸ್ಥಳ. ನಾವೂ ಇದೇ ಭಾವನೆಯನ್ನು ಹೊತ್ತುಕೊಂಡು ಈಚಿನ ಒಂದು ಸೆಪ್ಟೆಂಬರ್ ತಿಂಗಳಲ್ಲಿ ವೇಲ್ಸ್ ದೇಶದ ಬೆಟ್ಟನಾಡಿಗೆ ಹೋದೆವು. ಹೋದ ಮೊದಲನೆಯ ದಿನವೇ ಅದನ್ನು ಕೆಳಗಿಳಿಸಬೇಕಾಯಿತು. ಅಲ್ಲಿನ ರಾಷ್ಟ್ರೀಯ ಉದ್ಯಾನದೊಳಗೆ ಪೇಟೆಗಳುಂಟು, ಹಳ್ಳಿಗಳುಂಟು, ಶಾಲೆ ಇಗರ್ಜಿಗಳುಂಟು, ಸಂತೆಯುಂಟು. ಸುಮಾರು 33,000 ಜನರು ಅದರೊಳಗೆ ಮನೆಮಾಡಿಕೊಂಡಿದ್ದಾರೆ. ಭೂಮಿಯ ಬಹುಭಾಗ ಸರ್ಕಾರದ್ದೂ ಅಲ್ಲ, ಬೇಸಾಯಗಾರರದು, ಸಂಸ್ಥೆಗಳದು. 1949ರಲ್ಲಿ ಆದ ಒಂದು ಶಾಸನದ ಪ್ರಕಾರ ಇಂಗ್ಲೆಂಡು ವೇಲ್ಸುಗಳಲ್ಲಿ ರಾಷ್ಟ್ರೀಯ ಉದ್ಯಾನವೆಂದರೆ ಜನರನ್ನು ಹೊರಗೆ ಕಳುಹಿಸಿದ ನೆಲವಲ್ಲ. ಅಲ್ಲಿ ಬಾಳುವವರ ಬಾಳೂ ಕೆಡಬಾರದು, ಚೆಲುವೂ ಕೆಡಬಾರದು, ಹೊರಗಿನಿಂದ ನಡೆದು ಬರುವವನಿಗೂ ದಾರಿಯಿರಬೇಕು ಎಂದು ಎಲ್ಲರೂ ಸೇರಿ ಮಾಡಿಕೊಂಡ ಒಂದು ಒಪ್ಪಂದ ಅದು. ಒಪ್ಪಂದವೆಂದ ಮೇಲೆ ಜಗಳವೂ ಇರಲೇಬೇಕಷ್ಟೆ. ಇವೆರಡನ್ನೂ ನಾವು ಕಂಡಷ್ಟು ಮಟ್ಟಿಗೆ ಈ ಹೊತ್ತು ತಮ್ಮ ಮುಂದೆ ಹೇಳಬೇಕೆಂದಿದ್ದೇವೆ.

ವೇಲ್ಸಿನಲ್ಲಿ ಇಂಥ ಉದ್ಯಾನಗಳು ಮೂರು. ಅವುಗಳಲ್ಲಿ ಕಡೆಯದಾಗಿ, 1957ರಲ್ಲಿ, ಏರ್ಪಟ್ಟದ್ದು ಇದು. ಇದರ ವಿಸ್ತಾರ ಸುಮಾರು 520 ಚದರ ಮೈಲಿ. ಇಂಗ್ಲಿಷಿನಲ್ಲಿ ಇದಕ್ಕೆ ಬ್ರೆಕನ್ ಬೀಕನ್ಸ್ ಎಂದು ಹೆಸರು. ಬೀಕನ್ ಎಂದರೆ ಶತ್ರುಗಳು ಬಂದರೆಂದು ಸಾರುವುದಕ್ಕಾಗಿ ಬೆಟ್ಟದ ನೆತ್ತಿಯ ಮೇಲೆ ಹೊತ್ತಿಸುತ್ತಿದ್ದ ಬೆಂಕಿ. ಆದರೆ ವೆಲ್ಷ್ ಭಾಷೆಯಲ್ಲಿ ಬೆಂಕಿಯ ಮಾತೇ ಇಲ್ಲ. ಬನ್ನೈ ಎಂದರೆ ಶಿಖರಗಳು. ಬ್ರಖೇನ್ಯೋಗ್ ಎಂದರೆ ಬ್ರಖನ್ ಎಂಬ ಪುರಾತನ ದೊರೆಯ ನಾಡು. 2023ರ ಏಪ್ರಿಲ್ ತಿಂಗಳಲ್ಲಿ ಉದ್ಯಾನದ ಆಡಳಿತದವರು, ಇನ್ನು ಮೇಲೆ ನಾವು ಈ ಹಳೆಯ ಹೆಸರನ್ನೇ ಬಳಸುತ್ತೇವೆ ಎಂದು ಸಾರಿದರು. ಹವೆಯ ತಾಪ ಏರುತ್ತಿರುವ ಈ ಕಾಲದಲ್ಲಿ ಹೊಗೆಯುಗುಳುವ ಬೆಂಕಿಯನ್ನು ಲಾಂಛನವಾಗಿ ಇಟ್ಟುಕೊಳ್ಳುವುದು ಚೆನ್ನಲ್ಲವೆಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಇದನ್ನು ಮೆಚ್ಚಿದವರೂ ಉಂಟು, ನಾಲಗೆ ತಿರುಗದ ಹೆಸರೆಂದು ಮುಖ ಸಿಂಡರಿಸಿದವರೂ ಉಂಟು. 2014ರಲ್ಲಿ ಬ್ಯಾಂಗಲೂರು ಹೋಗಿ ಬೆಂಗಳೂರೇ ಇಂಗ್ಲಿಷಿನಲ್ಲೂ ನಿಂತಾಗ ನಡೆದ ಮಾತುಕತೆಯನ್ನು ಕೇಳಿದವರಿಗೆ ಈ ಚರ್ಚೆ ಹೊಸದೆನಿಸುವುದಿಲ್ಲ. ಉಚ್ಚಾರಣೆಯ ಕಷ್ಟವೇನೋ ನಿಜ. ನಮ್ಮ ಹಳಗನ್ನಡದ ರಳವನ್ನು ಉಚ್ಚರಿಸಿ ತೋರಿಸಬಲ್ಲ ಪಂಡಿತರೂ ವೆಲ್ಷ್ ಭಾಷೆಯ ಜೋಡಿ ಲಕಾರದ ಮುಂದೆ ಸ್ವಲ್ಪ ಹೊತ್ತು ಮೌನವಾಗಿರಬೇಕಾದೀತು.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಈ ಉದ್ಯಾನದ ಪೂರ್ವಭಾಗದಲ್ಲಿ, ಅಸ್ಕ್ ನದಿಯ ದಡದಲ್ಲಿ, ಕ್ರಿಕ್‌ಹೌವೆಲ್ ಎಂಬ ಚಿಕ್ಕ ಪೇಟೆಯಿದೆ. ಅದರ ಹೊರಗೆ ಗ್ವರ್ನ್‌ವೇಲ್ ಎಂಬ ದೊಡ್ಡ ಮನೆ. ಒಂದು ಕಾಲದಲ್ಲಿ ಈವ್‌ರೆಸ್ಟ್ ಮನೆತನದ ಆಸ್ತಿಯಾಗಿತ್ತು. ಲೋಕದ ಅತ್ಯುನ್ನತ ಶಿಖರಕ್ಕೆ ತನ್ನ ಹೆಸರನ್ನು ಬಿಟ್ಟುಹೋದ ಜಾರ್ಜ್ ಈವ್‌ರೆಸ್ಟ್ ಆ ಮನೆತನದವನು. ಆತನ ಗುರುವಾದ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಸರಪಣಿ ಹಾಸಿ ಆಧಾರರೇಖೆಯೊಂದನ್ನು ಅಳೆದನು. ಅಲ್ಲಿ ಕೈಪಳಗಿದ ವಿದ್ಯೆಯೇ ಬೆಳೆದು ಭಾರತದ ಮಹಾ ತ್ರಿಕೋನ ಮಾಪನವಾಯಿತು. 1818ರಲ್ಲಿ ಈವ್‌ರೆಸ್ಟ್ ಆ ಕೆಲಸಕ್ಕೆ ಸೇರಿದನು. ಶಿಖರಕ್ಕೆ ತನ್ನ ಹೆಸರಿಡುವ ಸಲಹೆ ಬಂದಾಗ, ಆ ಹೆಸರು ಅಲ್ಲಿನವರ ಬಾಯಿಗೆ ಹೊಂದುವುದಿಲ್ಲವೆಂದು ಆತನೇ ಆಕ್ಷೇಪಿಸಿದನೆಂಬುದು ಅವನಿಗೆ ಗೌರವ ತರತಕ್ಕ ಮಾತು. ಆದರೂ 1865ರಲ್ಲಿ ಅದೇ ಹೆಸರು ಸ್ಥಿರವಾಯಿತು. ಟಿಬೆಟ್ಟಿನವರು ಅದನ್ನು ಚೋಮೊಲುಂಗ್ಮಾ ಎಂದು ಕರೆಯುತ್ತಲೇ ಇದ್ದರು. ಪರ್ವತಗಳಿಗೆ ಹೆಸರಿಡುವವರು ಬೇರೆ, ಅವುಗಳ ತಪ್ಪಲಲ್ಲಿ ಬಾಳುವವರು ಬೇರೆ ಆದಾಗ ಹೀಗೆ ಆಗುತ್ತದೆ. ವೇಲ್ಸಿನವರು ತಮ್ಮ ಶಿಖರಗಳ ಹೆಸರನ್ನು ಹಿಂದಕ್ಕೆ ಕೇಳಿದ್ದನ್ನು ಈ ಕಥೆಯೊಡನೆ ಇಟ್ಟು ನೋಡಿದರೆ ಅದು ಬರಿಯ ಹಟವೆಂದು ತೋರುವುದಿಲ್ಲ.

ಇನ್ನು ನೆಲದ ಸ್ವರೂಪ. ಪಶ್ಚಿಮದಿಂದ ಪೂರ್ವಕ್ಕೆ ನಾಲ್ಕು ಬೆಟ್ಟಸಾಲುಗಳು. ನಡುವಣ ಸಾಲಿನಲ್ಲಿ ಪೆನ್ ಅ ವಾನ್ ಎಂಬ ಶಿಖರವಿದೆ. ಅದರ ಎತ್ತರ 886 ಮೀಟರು, ಎಂದರೆ 2,907 ಅಡಿ. ನಮ್ಮ ಚಾಮುಂಡಿಬೆಟ್ಟಕ್ಕೂ ಇದು ತಗ್ಗೆಂದು ಯಾರಾದರೂ ನಕ್ಕರೆ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮೈಸೂರಿನ ನೆಲವೇ ಸಮುದ್ರಕ್ಕಿಂತ ಬಹಳ ಮೇಲಿದೆ. ಅಲ್ಲಿ ಬೆಟ್ಟ ತೀರ ತಗ್ಗಿನಿಂದ ಎದ್ದಿರುವುದರಿಂದ, ದಕ್ಷಿಣ ಬ್ರಿಟನ್ನಿನಲ್ಲೆಲ್ಲ ಅದಕ್ಕಿಂತ ಎತ್ತರವಾದದ್ದು ಇಲ್ಲ. ಈ ಸಾಲುಗಳ ಕಲ್ಲು ಕೆಂಪು ಮರಳುಗಲ್ಲು. ಸುಮಾರು 40 ಕೋಟಿ ವರ್ಷಗಳ ಹಿಂದೆ, ಆ ಭೂಭಾಗ ಭೂಮಧ್ಯರೇಖೆಯ ದಕ್ಷಿಣಕ್ಕೆ ಇದ್ದ ಕಾಲದಲ್ಲಿ, ನದಿಗಳು ತಂದು ಹಾಸಿದ ಮರಳು ಮೆಕ್ಕಲುಗಳು ಕಲ್ಲಾಗಿ ನಿಂತಿವೆ. ಪದರಗಳೆಲ್ಲ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಕಡೆ ಇಳಿಜಾರು ಮೃದು, ಉತ್ತರದ ಕಡೆ ಕಡಿದಾದ ಗೋಡೆ. ಹಿಮಯುಗದಲ್ಲಿ ಬಿಸಿಲು ಕಾಣದ ಉತ್ತರದ ಮೂಲೆಗಳಲ್ಲಿ ಮಂಜುಗಡ್ಡೆ ಕರಗದೆ ಕೂತು, ನೆಲವನ್ನು ಬೋಗುಣಿಯಂತೆ ತೋಡಿತು. ಇಂಥ ಬೋಗುಣಿಯಾಕಾರದ ಕಣಿವೆಗೆ ಅವರ ಭಾಷೆಯಲ್ಲಿ ಕುಮ್ ಎಂದು ಹೆಸರು. ದಕ್ಷಿಣದ ಅಂಚಿನಲ್ಲಿ ಸುಣ್ಣಕಲ್ಲು ಬರುತ್ತದೆ. ಅಲ್ಲಿ ಹೊಳೆಗಳು ಗುಹೆಯೊಳಗೆ ನುಗ್ಗಿ ಮಾಯವಾಗಿ ಇನ್ನೊಂದು ಕಡೆ ಹೊರಬೀಳುತ್ತವೆ. ಹೆಪ್ಸ್ಟೆ ಎಂಬ ಹೊಳೆಯ ಜಲಪಾತವೊಂದರ ಹಿಂದೆ, ನೀರಿಗೂ ಬಂಡೆಗೂ ನಡುವೆ, ಕಾಲುದಾರಿಯೇ ಇದೆ. ಹಿಂದೆ ಕುರಿ ಕಾಯುವವರು ಮಂದೆಯನ್ನು ಆ ದಾರಿಯಲ್ಲೇ ಹೊಡೆದುಕೊಂಡು ಹೋಗುತ್ತಿದ್ದರಂತೆ. ನಾವೂ ಹಾದುಹೋದೆವು, ಕೊಡೆಯಿಂದ ಪ್ರಯೋಜನವಾಗಲಿಲ್ಲ.

ಬ್ರೆಕನ್ ಪಟ್ಟಣದಲ್ಲಿ ಇಳಿದುಕೊಂಡು ನಾವೂ ನಮ್ಮ ಜೊತೆಯ ಮಿತ್ರರೂ ಒಂದು ಬೆಳಿಗ್ಗೆ ಉತ್ತರದ ಕಡೆಯಿಂದ, ಕುಮ್ ಲುಖ್ ಎಂಬ ಕಣಿವೆಯಲ್ಲಿ ಹತ್ತತೊಡಗಿದೆವು. ಬೇಲಿಯ ಗಿಡಗಳಲ್ಲಿ ಕಪ್ಪು ಹಣ್ಣು ತೂಗುತ್ತಿದ್ದ ಓಣಿ; ಆಮೇಲೆ ಹೊಲಮನೆ; ಆಮೇಲೆ ಬಯಲು ಗುಡ್ಡ; ಕಡೆಗೆ ಗೋಡೆಯಂಥ ಬೆಟ್ಟದ ಕಾಲಿನ ಬಳಿ ದುಂಡಗಿನ ಒಂದು ಕಿರುಸರೋವರ. ನೀರು ಕಪ್ಪಗೆ ನಿಶ್ಚಲವಾಗಿತ್ತು. ಈ ಸರೋವರಕ್ಕೆ ಒಂದು ಕಥೆಯುಂಟು. ವರ್ಷಕ್ಕೊಮ್ಮೆ, ಮೇ ತಿಂಗಳ ಮೊದಲನೆಯ ದಿನ, ದಡದ ಬಂಡೆಯಲ್ಲಿ ಒಂದು ಬಾಗಿಲು ತೆರೆಯುತ್ತಿತ್ತು. ಒಳಗೆ ಹೊಕ್ಕವರು ನೆಲದಡಿಯ ದಾರಿಯಿಂದ ಸರೋವರದ ನಡುವೆ ಇದ್ದ, ಹೊರಗಿನವರ ಕಣ್ಣಿಗೆ ಕಾಣದ, ದ್ವೀಪವನ್ನು ಸೇರುತ್ತಿದ್ದರು. ಅಲ್ಲಿ ಯಕ್ಷರಂಥ ಒಂದು ಕುಲದವರ ಉದ್ಯಾನ. ಬಂದವರಿಗೆ ಹಣ್ಣು, ಹೂವು, ಸಂಗೀತ, ಎಲ್ಲ ಉಪಚಾರವೂ ಸಲ್ಲುತ್ತಿತ್ತು. ಒಂದೇ ಕಟ್ಟಳೆ: ಅಲ್ಲಿಂದ ಏನನ್ನೂ ಒಯ್ಯಕೂಡದು. ಒಬ್ಬನು ಮಾತ್ರ ಒಂದು ಹೂವನ್ನು ಜೇಬಿನಲ್ಲಿಟ್ಟುಕೊಂಡು ಹೊರಗೆ ಬಂದನು. ಹೊರಗಿನ ನೆಲ ಸೋಕಿದೊಡನೆ ಹೂವು ಮಾಯವಾಯಿತು, ಅವನ ಬುದ್ಧಿ ಕೆಟ್ಟಿತು, ಬಾಗಿಲು ಮತ್ತೆಂದೂ ತೆರೆಯಲಿಲ್ಲ. ದಡದ ಮೇಲೆ ಕುಳಿತು ನಾವು ತಂದಿದ್ದ ರೊಟ್ಟಿಯನ್ನು ತಿನ್ನುತ್ತ ಈ ಕಥೆಯನ್ನು ನೆನೆದು, ಸೊಗಸಾಗಿದೆ ಎಂದುಕೊಂಡೆವು. ಅದರ ಅರ್ಥವನ್ನು ಕುರಿತು ಆಗ ಹೆಚ್ಚಾಗಿ ಯೋಚಿಸಲಿಲ್ಲ.

ಸರೋವರದ ಪಕ್ಕದಿಂದ ದಾರಿ ಕಡಿದಾಗಿ ಏರಿ ಬೆಟ್ಟದ ಏಣನ್ನು ಮುಟ್ಟುತ್ತದೆ. ಅಲ್ಲೊಂದು ಕಲ್ಲುಕಂಬವಿದೆ. ಯಾವುದೋ ಯುದ್ಧದ ಸ್ಮಾರಕವೆಂದು ದೂರದಿಂದ ಊಹಿಸಿದ್ದ ನಮಗೆ ಬಳಿಗೆ ಹೋಗಿ ಅಕ್ಷರಗಳನ್ನು ಓದಿದಾಗ ಮಾತು ನಿಂತಿತು. ಅದು ಐದು ವರ್ಷದ ಒಬ್ಬ ಹುಡುಗನ ಕಲ್ಲು. ಹೆಸರು ಟಾಮಿ ಜೋನ್ಸ್. 1900ನೆಯ ಆಗಸ್ಟ್ 4ರಂದು, ರಾಂಡಾ ಕಣಿವೆಯ ಕಲ್ಲಿದ್ದಲ ಗಣಿಯ ಕೂಲಿಯಾದ ತಂದೆ ಮಗನನ್ನು ಕರೆದುಕೊಂಡು ರೈಲಿನಲ್ಲಿ ಬ್ರೆಕನ್ನಿಗೆ ಬಂದು, ಕುಮ್ ಲುಖ್ ಹೊಲಮನೆಯಲ್ಲಿದ್ದ ಅಜ್ಜನನ್ನು ನೋಡಲು ನಡೆದು ಹೊರಟಿದ್ದನು. ಸಂಜೆ ಲಾಗಿನ್ ಎಂಬಲ್ಲಿ ವಿಶ್ರಮಿಸುತ್ತಿರುವಾಗ ಅಜ್ಜನೂ ಹದಿಮೂರು ವರ್ಷದ ಸೋದರ ಬಂಧುವೂ ಎದುರಾದರು. ಹಿರಿಯ ಹುಡುಗನನ್ನು ಮನೆಗೆ ಸುದ್ದಿ ಹೇಳಲು ಕಳುಹಿಸಿದಾಗ ಟಾಮಿಯೂ ಅವನ ಹಿಂದೆ ಓಡಿದನು. ಅರ್ಧ ದಾರಿಯಲ್ಲಿ ಕತ್ತಲೆಗೆ ಹೆದರಿ, ಅತ್ತು, ಅಪ್ಪನ ಬಳಿಗೆ ಹೋಗುತ್ತೇನೆಂದು ಹಿಂದಿರುಗಿದನು. ಇದ್ದದ್ದು ಅಲ್ಪ ದೂರ. ಅಪ್ಪನನ್ನು ಅವನು ಸೇರಲಿಲ್ಲ. ಸಿಪಾಯಿಗಳು, ಪೊಲೀಸರು, ಬೇಸಾಯಗಾರರು ದಿನದಿನವೂ ಹುಡುಕಿದರು. 29 ದಿನಗಳ ಮೇಲೆ, ಯಾರೂ ಹುಡುಕಲೇಬೇಕೆಂದು ಎಣಿಸದಿದ್ದ ಈ ಏಣಿನ ಮೇಲೆ, ಕಣಿವೆಯಿಂದ ಸಾವಿರ ಅಡಿಗಳಿಗೂ ಎತ್ತರದಲ್ಲಿ, ಆ ಕೂಸಿನ ದೇಹ ಸಿಕ್ಕಿತು. ಕೆಳಕ್ಕೆ ಇಳಿಯಬೇಕಾದವನು ಮೇಲಕ್ಕೆ ಹತ್ತಿದ್ದನು. ಊರಿನವರು ಚಂದಾ ಎತ್ತಿ ಮರುವರ್ಷ ಈ ಕಂಬವನ್ನು ನಿಲ್ಲಿಸಿದರು.

ನಾವು ಓದಿ ಮುಗಿಸುವಷ್ಟರಲ್ಲಿ ಪಶ್ಚಿಮದಿಂದ ಮಂಜು ಬಂದಿತು. ಬಂದಿತು ಎನ್ನುವುದಕ್ಕಿಂತ, ಬೆಟ್ಟವೇ ಹೋಯಿತು ಎನ್ನಬೇಕು. ಸರೋವರ ಹೋಯಿತು, ಮುಂದಿನ ಶಿಖರ ಹೋಯಿತು, ಹತ್ತು ಹೆಜ್ಜೆಯ ಆಚೆಗೆ ದಾರಿ ಹೋಯಿತು. ಎಡಗಡೆಗೆ ಎಲ್ಲೋ ಪ್ರಪಾತವಿದೆಯೆಂಬುದು ನೆನಪಿನಲ್ಲಿ ಮಾತ್ರ ಉಳಿಯಿತು. ಮಿತ್ರರು ಧೈರ್ಯಶಾಲಿಗಳು, ಶಿಖರ ಇನ್ನು ಅರ್ಧ ಗಂಟೆಯ ದಾರಿ, ಇಷ್ಟು ದೂರದಿಂದ ಬಂದು ಹಿಂದಿರುಗುವುದೆ, ಎಂದರು. ನಮಗೂ ಹೋಗುವ ಆಸೆಯಿಲ್ಲದಿರಲಿಲ್ಲ. ಆದರೆ ಕೈ ಆ ಕಂಬದ ಮೇಲಿತ್ತು. ಅದನ್ನು ಬಿಟ್ಟು ಯಾವ ದಿಕ್ಕಿಗಾದರೂ ಇಪ್ಪತ್ತು ಹೆಜ್ಜೆ ಇಟ್ಟರೆ ಮತ್ತೆ ಅದನ್ನು ಕಂಡುಹಿಡಿಯಬಲ್ಲೆವೆ ಎಂದು ನಮ್ಮನ್ನು ನಾವೇ ಕೇಳಿಕೊಂಡೆವು. ಉತ್ತರ ಹೇಳುವ ಧೈರ್ಯವಾಗಲಿಲ್ಲ.

ಆಗ ಮಂಜಿನೊಳಗಿಂದ ಒಂದು ನಾಯಿ, ಅದರ ಹಿಂದೆ ಒಬ್ಬ ಮುದುಕರು ಬಂದರು. ಕುರಿ ನೋಡಿಕೊಂಡು ಬರಲು ಹತ್ತಿದ್ದವರು. ನಮ್ಮ ಮುಖ ನೋಡಿದೊಡನೆಯೆ ಸಂಗತಿ ತಿಳಿಯಿತೆಂದು ತೋರುತ್ತದೆ. “ಇದು ಸಂಜೆಯವರೆಗೂ ಏಳುವ ಮಂಜಲ್ಲ. ನನ್ನ ಹಿಂದೆಯೆ ಇಳಿದುಬನ್ನಿ” ಎಂದರು. ಇಳಿದೆವು. ದಾರಿಯಲ್ಲಿ ಅಲ್ಲಲ್ಲಿ ಕುರಿಗಳು, ಮಂಜೆಂಬುದೇ ಇಲ್ಲವೆಂಬಂತೆ, ನೆಮ್ಮದಿಯಾಗಿ ಮೇಯುತ್ತಿದ್ದವು. ಬೇಲಿಯೂ ಇಲ್ಲ, ಕಾವಲೂ ಇಲ್ಲ, ಇವು ದಾರಿ ತಪ್ಪುವುದಿಲ್ಲವೆ ಎಂದು ಕೇಳಿದೆವು. “ತಪ್ಪುವುದಿಲ್ಲ. ತಾಯಿ ಎಲ್ಲಿ ಮೇಯುತ್ತಿತ್ತೋ ಮರಿಗೆ ಅದೇ ಅದರ ನೆಲ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ” ಎಂದು ಹೇಳಿ, ಅದಕ್ಕೆ ಅವರ ಭಾಷೆಯ ಮಾತನ್ನು ಹೇಳಿದರು: ಕನೆವಿನ್. ಹುಟ್ಟಿನಿಂದ ರೂಢಿಯಾದ ನೆಲ, ಮೈಗೆ ಪರಿಚಯವಾದ ನೆಲ ಎಂದು ನಾವು ಅರ್ಥಮಾಡಿಕೊಂಡೆವು. ಮನುಷ್ಯರಿಗೂ ಆ ಮಾತನ್ನು ಬಳಸುತ್ತಾರೆ. 2001ರಲ್ಲಿ ಕಾಲುಬಾಯಿ ಜ್ವರ ಬ್ರಿಟನ್ನಿನಲ್ಲೆಲ್ಲ ಹಬ್ಬಿದಾಗ ಈ ಬೆಟ್ಟಗಳ ಸಾವಿರಾರು ಕುರಿಗಳನ್ನು ಕೊಲ್ಲಬೇಕಾಯಿತು. ಕೊಂಡು ತಂದ ಕುರಿಗಳಿಗೆ ಬೆಟ್ಟದ ಗುರುತಿಲ್ಲ. ಹೊಸ ಮಂದೆಯನ್ನು ನೆಲಕ್ಕೆ ಒಗ್ಗಿಸಬೇಕಾದರೆ ಕುರಿಗಾಹಿ ವರ್ಷಗಟ್ಟಲೆ ಅದರ ಹಿಂದೆ ನಡೆಯಬೇಕು. ಹೋದದ್ದು ಕುರಿ ಮಾತ್ರವಲ್ಲ, ಕುರಿಗಳಲ್ಲಿದ್ದ ತಿಳಿವಳಿಕೆ ಎಂದರು ಆ ಮುದುಕರು. ಕೆಳಗಿನ ಅಡ್ಡಬಾಗಿಲ ಬಳಿ ನಮ್ಮನ್ನು ಬಿಟ್ಟು, ನಾವು ಕೃತಜ್ಞತೆ ಹೇಳುವುದಕ್ಕೆ ಮೊದಲೇ ನಾಯಿಯನ್ನು ಕರೆದುಕೊಂಡು ಹೊರಟುಹೋದರು.

ಎರಡು ದಿನಗಳ ಮೇಲೆ ಆಕಾಶ ತಿಳಿಯಾಯಿತು. ಈ ಸಲ ಎಲ್ಲರೂ ಹತ್ತುವ ದಕ್ಷಿಣದ ದಾರಿಯಿಂದಲೇ ಹತ್ತಿದೆವು. ಪೆನ್ ಅ ವಾನ್ ಶಿಖರದ ನೆತ್ತಿ ಮೇಜಿನಂತೆ ಚಪ್ಪಟೆ. ಹಾಸುಗಲ್ಲುಗಳ ಮೇಲೆ ಅಲೆಯ ಗುರುತುಗಳಿವೆ. ಕೋಟಿ ಕೋಟಿ ವರ್ಷಗಳ ಹಿಂದೆ ತೆಳ್ಳಗೆ ಹರಿದ ನೀರು ಮರಳಿನ ಮೇಲೆ ಬರೆದು ಹೋದದ್ದು. ಕಂಚಿನ ಯುಗದ ಸಮಾಧಿಯ ಕಲ್ಲುರಾಶಿಯೂ ಅಲ್ಲೇ ಇದೆ. ದಕ್ಷಿಣಕ್ಕೆ ಕಲ್ಲಿದ್ದಲ ಕಣಿವೆಗಳು, ಅವುಗಳಾಚೆ ಬ್ರಿಸ್ಟಲ್ ಕಡಲ್ಗಾಲುವೆಯ ಬೆಳ್ಳಿಗೆರೆ. ಉತ್ತರಕ್ಕೆ ಅಸ್ಕ್ ಕಣಿವೆಯ ಹಸುರು, ಅದರಾಚೆ ಎಪಿಂಟ್ ಎಂಬ ನೀಲಿಯ ಎತ್ತರ. ನೋಟ ಅತಿ ರಮ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮುದುಕರ ಮಾತನ್ನು ಕೇಳಿದ ಮೇಲೆ ನಮ್ಮ ಕಣ್ಣು ಬರಿಯ ರಮ್ಯತೆಯಲ್ಲಿ ನಿಲ್ಲಲಿಲ್ಲ. ಆ ಎಪಿಂಟ್ ಉದ್ಯಾನದ ಗಡಿಗೆ ಹೊರಗಿನದು. 1940ರಲ್ಲಿ ಸೈನ್ಯದ ಗುಂಡು ಹಾರಿಸುವ ಅಭ್ಯಾಸಕ್ಕೆಂದು ಅಲ್ಲಿನ 54 ಹೊಲಮನೆಗಳಿಂದ 219 ಜನರನ್ನು ಎಬ್ಬಿಸಿ ಕಳುಹಿಸಿದರು. ಯುದ್ಧ ಮುಗಿದ ಮೇಲೆ ಹಿಂದಿರುಗುವೆವೆಂದು ಅನೇಕರು ನಂಬಿದ್ದರು, ಹಿಂದಿರುಗಲಿಲ್ಲ. ಮನೆಮಾತು ವೆಲ್ಷ್ ಆಗಿದ್ದ ಒಂದು ಸೀಮೆ ಹಾಗೆ ಬರಿದಾಯಿತು. ದಕ್ಷಿಣದ ಬುಡದಲ್ಲಿ ಹೊಳೆಯುವ ಮೂರು ಕೆರೆಗಳೂ ಪ್ರಕೃತಿ ಮಾಡಿದವಲ್ಲ. 1892, 1897, 1926ರಲ್ಲಿ ಕಾರ್ಡಿಫ್ ನಗರದ ನೀರಿಗಾಗಿ ಕಟ್ಟಿದ ಜಲಾಶಯಗಳು. ನೋಡುವವನಿಗೆ ನೋಟವಾಗಿರುವುದು ಒಬ್ಬೊಬ್ಬರಿಗೆ ಒಂದೊಂದಾಗಿದೆ: ಸೈನ್ಯಕ್ಕೆ ಗರಡಿ, ನಗರಕ್ಕೆ ನೀರಿನ ತೊಟ್ಟಿ, ಕುರಿಗಾಹಿಗೆ ಕನೆವಿನ್, ನಮ್ಮಂಥವರಿಗೆ ಎರಡು ದಿನದ ವಿಹಾರ. ಈ ಎಲ್ಲರ ಹಕ್ಕನ್ನೂ ಒಂದೇ ನೆಲದ ಮೇಲೆ ಹೊಂದಿಸುವುದೇ ಉದ್ಯಾನದ ಆಡಳಿತದವರ ನಿಜವಾದ ಕೆಲಸ.

ವಿಹಾರಿಗಳು ನಿರಪರಾಧಿಗಳೆಂದು ತಿಳಿಯಬಾರದು. ನಡು ಬೆಟ್ಟಸಾಲು 1965ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಧರ್ಮಸಂಸ್ಥೆಯ ವಶದಲ್ಲಿದೆ. ಲಕ್ಷಾಂತರ ಬೂಟುಗಳು ತುಳಿದು ಹುಲ್ಲು ಸತ್ತು, ಮಳೆಗೆ ಮಣ್ಣು ಕೊಚ್ಚಿ, ದಾರಿಗಳು ಗಾಯದಂತೆ ಅಗಲವಾಗಿದ್ದವು. ಈಗ ಅವರು ಕಲ್ಲು ಹೊತ್ತು ತಂದು, ಒಂದೊಂದಾಗಿ ನೆಟ್ಟು, ದಾರಿಯನ್ನು ಕಟ್ಟುತ್ತಿದ್ದಾರೆ. ಈ ಕೆಲಸಕ್ಕೂ, ದಾರಿ ತಪ್ಪಿದವರನ್ನು ಹುಡುಕಿ ತರುವ ಕೆಲಸಕ್ಕೂ ಸಂಬಳವಿಲ್ಲದೆ ಬರುವ ಜನರಿದ್ದಾರೆ. ಹುಡುಕುವ ಕೆಲಸಕ್ಕೆ ಬಿಡುವಿಲ್ಲ. ಬೆಟ್ಟ ತಗ್ಗಾದರೂ ಕರುಣೆ ಹೆಚ್ಚೇನೂ ಇಲ್ಲ. 2013ರ ಜುಲೈನಲ್ಲಿ ಬಿಸಿಲ ಬೇಗೆಯಲ್ಲಿ ನಡೆಸಿದ ಸೈನಿಕ ಪರೀಕ್ಷೆಯಿಂದ ಮೂವರು ದೃಢಕಾಯರು ಸತ್ತರು. ಅದೇ ವರ್ಷದಿಂದ ಈ ನಾಡು ಕತ್ತಲೆಯ ಆಕಾಶವನ್ನು ಕಾಪಾಡುವ ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೂ ಸೇರಿದೆ. ಅದಕ್ಕಾಗಿ ಹಳ್ಳಿಯವರು ತಮ್ಮ ದೀಪಗಳಿಗೆ ಮರೆ ಕಟ್ಟಿಕೊಂಡರು. ಕೊನೆಯ ರಾತ್ರಿ ನಾವು ಬಾಗಿಲ ಹೊರಗೆ ನಿಂತು, ಬಾಲ್ಯದಲ್ಲಿ ಹಳ್ಳಿಯ ಅಂಗಳದಿಂದ ನೋಡಿದ ಮೇಲೆ ಮತ್ತೆ ಕಾಣದಿದ್ದ ಆಕಾಶಗಂಗೆಯನ್ನು ನೋಡಿದೆವು.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಶಿಖರದ ಮೇಲೆ ನಾವು ಅಲೆಯ ಗುರುತಿದ್ದ ಅಂಗೈಯಗಲದ ಕೆಂಪು ಕಲ್ಲೊಂದನ್ನು ನೆನಪಿಗಾಗಿ ಜೇಬಿನಲ್ಲಿಟ್ಟುಕೊಂಡಿದ್ದೆವು. ಇಳಿಯುವಾಗ, ಇಬ್ಬರು ತರುಣರು ಮಂಡಿಯೂರಿ ದಾರಿಗೆ ಕಲ್ಲು ಕೂರಿಸುತ್ತಿದ್ದುದನ್ನು ಕಂಡೆವು. ಮಿತ್ರರು ನಮ್ಮ ಜೇಬಿನ ಕಡೆ ನೋಡಿದರು; ಏನೂ ಹೇಳಲಿಲ್ಲ. ಹಿಂದಕ್ಕೆ ಹತ್ತಿ ಹೋಗಿ ಅದನ್ನು ಇದ್ದಲ್ಲಿಯೇ ಇಟ್ಟುಬಂದೆವು. ಕಾಲು ಗಂಟೆಯ ಏರು. ಕಾಲುಗಳು ನಮ್ಮನ್ನು ಶಪಿಸಿದವು.

ಈಗ ನಮ್ಮ ಎಷ್ಟೋ ಮನೆಗಳ ಮಕ್ಕಳು ಆ ದ್ವೀಪದಲ್ಲಿ ಓದುತ್ತ, ಕೆಲಸ ಮಾಡುತ್ತ ಇದ್ದಾರೆ. ಅವರನ್ನು ನೋಡಲು ತಾವು ಹೋಗುವ ಸಂದರ್ಭವೂ ಬರಬಹುದು. ಟಾಮಿಯನ್ನು ತಂದ ರೈಲು 1962ರಲ್ಲಿ ನಿಂತುಹೋಯಿತು. ಕಾರ್ಡಿಫಿನಿಂದ ಬಸ್ಸು ಹೋಗುತ್ತದೆ. ಹೋದವರು ಬೆಚ್ಚನೆಯ ಉಡುಪನ್ನೂ ನಕ್ಷೆಯನ್ನೂ ಒಯ್ಯಲಿ. ಮಂಜು ಬಂದರೆ ನಾಚಿಕೆಯಿಲ್ಲದೆ ಹಿಂದಿರುಗಲಿ. ಹೆಸರನ್ನು ಅಲ್ಲಿನವರು ಹೇಳುವಂತೆ ಹೇಳಲು ಒಂದೆರಡು ಸಲ ಪ್ರಯತ್ನಿಸಲಿ. ತಪ್ಪಿದರೂ ಅವರು ಸಂತೋಷಪಡುತ್ತಾರೆ. ಇಷ್ಟು ಮಾಡಿದರೆ ಆ ಸರೋವರದ ಬಾಗಿಲು, ನಮ್ಮ ಮಟ್ಟಿಗೆ ಹೇಳುವುದಾದರೆ, ಇನ್ನೂ ಮುಚ್ಚಿಲ್ಲ.